ಇಪ್ಪತ್ತಾರು ಸಲ ತಟ್ಟಿದ ಬಾಗಿಲು

ಭಾನುವಾರ, ಸೆಪ್ಟೆಂಬರ್ ಹದಿನಾಲ್ಕು
ಮಧ್ಯಾಹ್ನ ಮೂರು ಗಂಟೆ

ಪ್ರೀತಿಯ ಮೆಣಸಿನಕಾಯಿಗೆ,

ನಿನ್ನ ಅಮ್ಮ ಮನಸಾರೆ ಹರಸಿ ಬರೆಯುವ ಕಾಗದ. ಅಪ್ಪ ಇಟ್ಟ ಹೆಸರಿನಿಂದ ಕರೆದೆನೆಂದು ಮೂಗು ಮುರಿಯಬೇಡ. ಇಪ್ಪತ್ತೆಂಟು ತುಂಬಿದರೂ ನಿನ್ನ ಖಾರ ಇಳಿದಿಲ್ಲವೆಂದು ಪ್ರತಿ ಭಾನುವಾರ ಫೋನಿನಲ್ಲಿ ಗೊತ್ತಾಗುತ್ತಲೇ ಇದೆ.

ನಾನು ಚೆನ್ನಾಗಿದ್ದೇನೆ. ಈ ಮಾತನ್ನು ಓದಿದ ಕೂಡಲೇ ನೀನು ಕೆಳಗಿನ ಮನೆಯ ಟೈಲರಮ್ಮನಿಗೆ ಫೋನು ಮಾಡಿ, "ನಿಜವಾಗ್ಲೂ ಚೆನ್ನಾಗಿದಾರಾ ಆಂಟಿ?" ಎಂದು ಕೇಳುತ್ತೀಯೆಂದು ಬಲ್ಲೆ. ಆಕೆ ನನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ. "ನಿಮ್ಮ ಮಗಳು ನಿಮ್ಮ ಜ್ವರದ ವಿಷ್ಯ ಕೇಳಿದ್ಲು, ನಾನು ಮೂರು ದಿನ ಮಲಗಿದ್ರು ಅಂತ ಹೇಳ್ಬಿಟ್ಟೆ, ಬೇಜಾರ್ ಮಾಡ್ಕೋಬೇಡಿ" ಎಂದು ಹೋದ ತಿಂಗಳು ನನ್ನ ರವಿಕೆಗೆ ಗುಂಡಿ ಹಚ್ಚುತ್ತಾ ಹೇಳಿದಳು. ಬೇಜಾರು ಯಾಕೆ ಮಾಡಿಕೊಳ್ಳಲಿ? ನನ್ನ ಜ್ವರವನ್ನು ನಾನು ಹೇಳಿದ್ದರೆ ನೀನು ನಂಬುತ್ತಿದ್ದೆಯೋ ಇಲ್ಲವೋ ಎಂದು ಮಾತ್ರ ಯೋಚನೆಯಾಯಿತು.

ಕಾಗದ ಬರೆಯುತ್ತೇನೆಂದು ಜುಲೈಯಲ್ಲೇ ಹೇಳಿದವಳು ಇಷ್ಟು ತಡ ಮಾಡಿದ್ದಕ್ಕೆ ಕ್ಷಮಿಸು. ಪುರುಸೊತ್ತಿಲ್ಲ ಎಂದು ಬರೆದು ಹೊಡೆದು ಹಾಕಿದ್ದೇನೆ, ಮೇಲೆ ನೋಡು. ನಾನು ಓದುತ್ತಿರುವ ಕಾಲೇಜಿನಲ್ಲಿ ವರದಿ ಬರೆಯುವಾಗ ರಬ್ಬರ್ ಮುಟ್ಟುವಂತಿಲ್ಲ. ತಪ್ಪಾದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸಣ್ಣ ಸಹಿ ಹಾಕಬೇಕು. ಏನು ತಪ್ಪು ಬರೆದಿದ್ದೆ ಎಂದು ಓದುವವರಿಗೆ ಕಾಣಬೇಕಂತೆ. ಪುರುಸೊತ್ತು ಇತ್ತು ಮಗಳೇ. ಧೈರ್ಯ ಇರಲಿಲ್ಲ.

ಮೊದಲು ಸುದ್ದಿಗಳು. ಕೋಣೆಯ ಕಿಟಕಿಯ ಒಡೆದ ಗಾಜಿಗೆ ರಟ್ಟು ಅಂಟಿಸಿದ್ದೆನಲ್ಲ, ಮಾಲೀಕ ಕೊನೆಗೂ ಹೊಸ ಗಾಜು ಹಾಕಿಸಿದ. ಈಗ ಎದುರು ಮನೆಯ ಹಿತ್ತಲು, ಅವರ ಒಗೆದ ಬಟ್ಟೆ, ಅವರ ಜಗಳ ಎಲ್ಲ ಕಾಣುತ್ತದೆ. ರಟ್ಟೇ ವಾಸಿಯಿತ್ತೇನೋ. ಮಂಡಿನೋವು ಇದ್ದ ಹಾಗೆಯೇ ಇದೆ. ಕೆಲಸವೂ ಅದೇ: ದೊಡ್ಡ ಮಳಿಗೆಯ ಬಾಗಿಲಲ್ಲಿ ಪರದೆ ಕಟ್ಟಿದ ಗೂಡು, ಅದರೊಳಗೆ ನಾನು, ಕೈಯಲ್ಲಿ ಕುಂಯ್ ಎನ್ನುವ ಕೋಲು. ದಿನಕ್ಕೆ ಮುನ್ನೂರು ಹೆಂಗಸರ ಭುಜ, ಸೊಂಟ, ಬೆನ್ನು ಮುಟ್ಟಿ ಒಳಗೆ ಬಿಡುತ್ತೇನೆ. ಒಬ್ಬರೂ ನನ್ನ ಮುಖ ನೋಡುವುದಿಲ್ಲ. ಮೊನ್ನೆ ಒಬ್ಬ ಅಜ್ಜಿ ಮಾತ್ರ ತಪಾಸಣೆ ಮುಗಿದ ಮೇಲೆ ನನ್ನ ಕೆನ್ನೆ ಸವರಿ, "ಊಟ ಆಯ್ತಾ ಮಗಾ?" ಎಂದಳು. ಆ ದಿನವಿಡೀ ನನ್ನ ಕೆನ್ನೆಯ ನೆನಪು ನನಗೆ ಇತ್ತು.

ಹನ್ನೊಂದು ವರ್ಷ ಆ ಗೂಡಿನಲ್ಲಿ ನಿಂತಿದ್ದೇನೆ. ಮೇಲಿನ ಮಹಡಿಯ ಕ್ಯಾಮೆರಾ ಕೋಣೆಯಲ್ಲಿ ಕೂತು ನೋಡುವ ಕೆಲಸವಿದೆ, ಅಲ್ಲಿ ಒಳ್ಳೆಯ ಕುರ್ಚಿ ಇದೆ. ಆ ಕುರ್ಚಿಗೆ ಡಿಪ್ಲೊಮಾ ಬೇಕು ಎಂದು ಕಂಪನಿಯವರು ಹೇಳಿದ್ದಕ್ಕೇ ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ನಿನ್ನ ಅಮ್ಮ ಕಾನೂನು ಪಾಲನೆ ಮತ್ತು ಭದ್ರತೆ ಎಂಬ ಭಾರಿ ಹೆಸರಿನ ಕೋರ್ಸಿಗೆ ಸೇರಿದ್ದು. ಜನ ಪದವಿಗಾಗಿ ಓದುತ್ತಾರೆ, ನಾನು ಕೂರುವುದಕ್ಕೆ ಓದುತ್ತಿದ್ದೇನೆ.

ಬೆಳಿಗ್ಗೆ ಏಳೂವರೆಯಿಂದ ಹನ್ನೊಂದರವರೆಗೆ ತರಗತಿ. ಇಪ್ಪತ್ತೇಳು ಜನ ಇದ್ದೇವೆ. ನನ್ನನ್ನು ಬಿಟ್ಟರೆ ದೊಡ್ಡವನಿಗೆ ಇಪ್ಪತ್ತನಾಲ್ಕು. ಪಾಠ ಹೇಳುವವರು ನಿವೃತ್ತ ಇನ್‌ಸ್ಪೆಕ್ಟರ್. ಹುಡುಗರು ಅವರನ್ನು ಬೆನ್ನ ಹಿಂದೆ ಸೈರನ್ ಎನ್ನುತ್ತಾರೆ, ಏಕೆಂದರೆ ಅವರು ಬರುವುದಕ್ಕಿಂತ ಮೊದಲು ಅವರ ಕೆಮ್ಮು ಬರುತ್ತದೆ. ಕಾನೂನಿನ ಕಲಮುಗಳನ್ನು ಬಾಯಿಪಾಠ ಮಾಡುವುದರಲ್ಲಿ ನಾನು ಹಿಂದೆ. ಜನಜಂಗುಳಿ ನಿಭಾಯಿಸುವುದರಲ್ಲಿ ಮುಂದೆ. ಬೆಂಕಿ ಆರಿಸುವ ಸಿಲಿಂಡರ್ ಎತ್ತಿದ ದಿನ ನಾನೇ ಆರಿಹೋಗುತ್ತಿದ್ದೆ, ನಮ್ಮ ಪೈಲ್ವಾನ ಹಿಡಿದುಕೊಂಡ. ಪೈಲ್ವಾನ ಎಂದರೆ ನನ್ನ ಪಕ್ಕದ ಬೆಂಚಿನವನು, ಎಮ್ಮೆಯಷ್ಟು ದೇಹ, ಎಳೆಗರುವಿನಷ್ಟು ಮನಸ್ಸು. ಅವನ ಮುಂದಿನ ಬೆಂಚಿನಲ್ಲಿ ಏಣಿ ಎಂಬ ಅಡ್ಡಹೆಸರಿನ ಉದ್ದನೆಯ ಹುಡುಗಿ ಇದ್ದಾಳೆ. ಹೆಚ್ಚು ಮಾತಿಲ್ಲ, ಭುಜದ ಮೇಲೆ ಯಾವಾಗಲೂ ಒಂದು ಚೀಲ. ಹಿಂದಿನಿಂದ ನೋಡಿದರೆ ನಿನ್ನದೇ ನಡಿಗೆ.

ಈಗ ಬಾಗಿಲಿನ ವಿಷಯಕ್ಕೆ ಬರುತ್ತೇನೆ. ನಮ್ಮ ಅಭ್ಯಾಸದ ಕೋಣೆಯ ನಡುವೆ ಒಂದು ಬಾಗಿಲು ನಿಂತಿದೆ. ಗೋಡೆಯಿಲ್ಲ, ಮನೆಯಿಲ್ಲ, ಬರೀ ಚೌಕಟ್ಟು, ಕದ, ಚಿಲಕ. ಬಡಗಿ ಕೆಲಸ ಕಲಿಯುವ ಹುಡುಗರು ಮಾಡಿಕೊಟ್ಟದ್ದು. ಸೋಮವಾರ ಅದನ್ನು ಒದ್ದು ಒಳನುಗ್ಗುವುದನ್ನು ಕಲಿಸುತ್ತಾರೆ, ಬುಧವಾರ ಅದನ್ನೇ ಮೆಲ್ಲಗೆ ತಟ್ಟುವುದನ್ನು ಕಲಿಸುತ್ತಾರೆ. ಆ ಬುಧವಾರದ ಪಾಠದ ಹೆಸರು ಸಾವಿನ ಸುದ್ದಿ ಮುಟ್ಟಿಸುವುದು. ಅಪಘಾತದಲ್ಲೋ ಮತ್ತೆಲ್ಲೋ ಯಾರಾದರೂ ಸತ್ತರೆ ಅವರ ಮನೆಗೆ ಹೋಗಿ ಹೇಳಬೇಕಲ್ಲ, ಅದು. ಇದಕ್ಕೂ ಪಾಠವಿದೆ ಎಂದು ನನಗೆ ಗೊತ್ತಿರಲಿಲ್ಲ.

ಒಬ್ಬೊಬ್ಬರೂ ಅಧಿಕಾರಿಯಾಗಿ ಬಂದು ತಟ್ಟಬೇಕು. ಬಾಗಿಲು ತೆಗೆಯುವ ಮನೆಯವರು ಬೇಕಲ್ಲ? ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು. "ಆಂಟಿನೇ ಸರಿ ಸಾರ್, ಒಳ್ಳೆ ತಾಯಿ ಕಳೆ ಇದೆ" ಎಂದ ಪೈಲ್ವಾನ. ಹಾಗೆ ನಾನು ಇಪ್ಪತ್ತಾರು ಸಲ ಆ ಬಾಗಿಲು ತೆಗೆದೆ. ಇಪ್ಪತ್ತಾರು ಸಲ ನನ್ನವರು ಯಾರೋ ಸತ್ತರು.

ನಗಬೇಡ, ಅಥವಾ ನಗು, ನಾನೂ ನಕ್ಕೆ. ಒಬ್ಬ ಹುಡುಗ ಬಾಗಿಲು ತೆಗೆದ ತಕ್ಷಣ, "ನಮಸ್ಕಾರ ಆಂಟಿ, ಒಂದು ಸಣ್ಣ ವಿಷಯ" ಎಂದ. ಇನ್ನೊಬ್ಬ, "ನಿಮ್ಮ ಮಗ ಹೋಗ್ಬಿಟ್ರು" ಎಂದ. "ಎಲ್ಲಿಗಪ್ಪಾ? ಊಟ ಮಾಡ್ಕೊಂಡು ಹೋದ್ನಾ?" ಎಂದೆ ನಾನು. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಸೈರನ್ ಮೇಷ್ಟ್ರು ಮಾತ್ರ ನಗಲಿಲ್ಲ. "ನೋಡಿದ್ರಾ? ಕೇಳೋರು ಹೀಗೇ ಕೇಳ್ತಾರೆ. ಆಸೆ ಇಟ್ಕೊಳಕ್ಕೆ ಒಂದು ಸಂದಿ ಸಿಕ್ಕಿದ್ರೂ ಸಾಕು, ಅದರೊಳಗೆ ನುಗ್ತಾರೆ. ನೀವು ಸಂದಿ ಬಿಡಬಾರದು. ತೀರಿಕೊಂಡರು ಅನ್ನಿ. ನೇರವಾಗಿ, ಒಂದೇ ಸಲ" ಎಂದರು. ಪೈಲ್ವಾನನ ಸರದಿ ಬಂದಾಗ ಅವನು ನನ್ನ ಗಂಡ ತೀರಿಕೊಂಡರೆಂದು ಹೇಳಿ ಗೊಳೋ ಎಂದು ಅತ್ತುಬಿಟ್ಟ. ಸತ್ತವರ ಹೆಂಡತಿಯಾದ ನಾನೇ ಅವನ ಬೆನ್ನು ತಟ್ಟಿ ಸಮಾಧಾನ ಮಾಡಬೇಕಾಯಿತು.

ನಿಯಮಗಳನ್ನು ಈಗ ನಿದ್ದೆಯಲ್ಲೂ ಹೇಳಬಲ್ಲೆ. ಮೊದಲು ಹೆಸರು ಕೇಳಿ ಇವರೇ ಹೌದೆಂದು ಖಚಿತ ಮಾಡಿಕೊಳ್ಳಬೇಕು. ಕೂರಲು ಹೇಳಬೇಕು. ಜೊತೆಗೆ ಯಾರಾದರೂ ಇದ್ದಾರೆಯೇ ನೋಡಬೇಕು. ಯಾರು, ಯಾವಾಗ, ಹೇಗೆ ತೀರಿಕೊಂಡರೆಂದು ಸುತ್ತಿ ಬಳಸದೆ ಹೇಳಬೇಕು. ಹೇಳಿದ ಮೇಲೆ ಬಾಯಿ ಮುಚ್ಚಿಕೊಂಡಿರಬೇಕು. ಮೊದಲನೆಯ ನಿಯಮ ಯಾಕೆ ಬಂತೆಂದು ಮೇಷ್ಟ್ರು ಹೇಳಿದರು. ಅವರು ಹೊಸದಾಗಿ ಕೆಲಸಕ್ಕೆ ಸೇರಿದಾಗ ಅವಸರದಲ್ಲಿ ಪಕ್ಕದ ಮನೆಯ ಬಾಗಿಲು ತಟ್ಟಿ, ಬೇರೆಯೇ ಹೆಂಗಸಿಗೆ ಗಂಡ ತೀರಿಕೊಂಡನೆಂದು ಹೇಳಿದ್ದರಂತೆ. ಅರ್ಧ ಗಂಟೆ ಆಕೆ ನೆಲದ ಮೇಲೆ ಬಿದ್ದು ಅತ್ತಳಂತೆ. ಆಮೇಲೆ ಗಂಡ ಅಂಗಡಿಯಿಂದ ಸೋಪು ಹಿಡಿದುಕೊಂಡು ಬಂದನಂತೆ. "ಇವತ್ತಿಗೂ ಆ ರಸ್ತೇಲಿ ಕಾಲಿಡಲ್ಲ ನಾನು" ಎಂದು ಕೆಮ್ಮಿದರು.

ಮೂರು ವಾರದ ಹಿಂದೆ ಪರೀಕ್ಷೆ ಇತ್ತು. ಅಂದು ನಾನು ಅಧಿಕಾರಿ, ಬಾಗಿಲು ತೆಗೆಯುವವಳು ಏಣಿ. ಚೀಟಿ ಎತ್ತಿದೆ. ಅದರಲ್ಲಿ ಹೀಗಿತ್ತು: ಮನೆಯಲ್ಲಿರುವುದು ಮಗಳು, ಸತ್ತವರು ತಂದೆ, ಹೃದಯಾಘಾತ, ಬೆಳಿಗ್ಗೆ. ಚೀಟಿ ಓದುವಾಗಲೇ ಬೇರೆ ಚೀಟಿ ಎತ್ತೋಣ ಎನ್ನಿಸಿತು. ಆದರೂ ತಟ್ಟಿದೆ. ಏಣಿ ಬಾಗಿಲು ತೆಗೆದಳು. ಭುಜದ ಮೇಲೆ ಅದೇ ಚೀಲ, ಆಗ ತಾನೇ ಬಸ್ಸಿಳಿದು ಬಂದವಳ ಹಾಗೆ. "ಏನು?" ಎಂದಳು. ಹೆಸರು ಕೇಳಿದೆ, ಸರಿಯಾಗಿ ಕೇಳಿದೆ. ಕೂರಲು ಹೇಳಿದೆ, ಕೂತಳು. ಆಮೇಲೆ ನನ್ನ ಬಾಯಿಂದ ಬಂದದ್ದು: "ಏನಿಲ್ಲಮ್ಮ. ನಿಮ್ಮಪ್ಪಂಗೆ ಸ್ವಲ್ಪ ಹುಷಾರಿಲ್ಲ. ಸೀರಿಯಸ್ ಅಂತಿದಾರೆ. ನೀನು ಗಾಬರಿ ಆಗ್ಬೇಡ, ಬೇಗ ಹೊರಟು ಬಾ."

ಮೇಷ್ಟ್ರು ಚೀಟಿಯನ್ನು ಇನ್ನೊಮ್ಮೆ ಓದಿ, "ಸತ್ತಿರೋರನ್ನ ಬದುಕಿಸಿಬಿಟ್ರಲ್ಲಮ್ಮ" ಎಂದರು. ಹುಡುಗರು ನಕ್ಕರು. ಎಲ್ಲರೂ ಹೋದ ಮೇಲೆ ಮೇಷ್ಟ್ರು ಆ ಬಾಗಿಲಿಗೆ ಒರಗಿ ನಿಂತು, "ಇಪ್ಪತ್ತಾರು ಸಲ ಕೇಳಿಸ್ಕೊಂಡೋರು ನೀವು. ನಿಮಗೆ ಪಾಠ ಬರಲ್ಲ ಅಂತ ನಾನು ನಂಬಲ್ಲ. ಯಾರಿಗೆ ಹೇಳ್ದೆ ಬಿಟ್ಟಿದೀರಿ?" ಎಂದು ಕೇಳಿದರು. ನಾನು, "ಯಾರಿಗೂ ಇಲ್ಲ ಸಾರ್" ಎಂದೆ. ಇನ್‌ಸ್ಪೆಕ್ಟರ್ ಆಗಿದ್ದವರಿಗೆ ಸುಳ್ಳು ಹೇಳುವುದು ಎಷ್ಟು ಕಷ್ಟ ನೋಡು. ಅವರು ಮರುಪರೀಕ್ಷೆ ಹದಿನೆಂಟಕ್ಕೆ, ಗುರುವಾರ ಎಂದು ಬರೆದುಕೊಂಡರು. ಅದರಲ್ಲೂ ಫೇಲಾದರೆ ಡಿಪ್ಲೊಮಾ ಇಲ್ಲ, ಕುರ್ಚಿಯೂ ಇಲ್ಲ.

ಇಷ್ಟೊತ್ತಿಗೆ ನೀನು ನನ್ನ ಸುಳ್ಳನ್ನು ಹಿಡಿದಿರುತ್ತೀಯ. ಆ ಭಾನುವಾರ ಫೋನಿನಲ್ಲಿ ನಾನು, "ಪಾಸಾದೆ ಕಣೇ, ಒಳ್ಳೆ ಮಾರ್ಕ್ಸು" ಎಂದೆನಲ್ಲ, ಅದು ಸುಳ್ಳು. ನೀನು "ಹೂಂ" ಎಂದು, "ಮಾರ್ಕ್ಸ್ ಕಾರ್ಡ್ ಫೋಟೋ ಕಳಿಸಮ್ಮ" ಎಂದೆ. ಇವತ್ತು ಬೆಳಿಗ್ಗೆ ಮತ್ತೆ ಕೇಳಿದೆ. ನೀರಿನ ಪರೀಕ್ಷೆ ಮಾಡುವ ಕೆಲಸದವಳು ನೀನು, ಲೋಟದ ನೀರನ್ನು ನಂಬುವುದಿಲ್ಲ, ಅಮ್ಮನ ಮಾತನ್ನೂ ನಂಬುವುದಿಲ್ಲ ಎಂದು ಮೊದಲು ನನಗೆ ಸಿಟ್ಟು ಬಂತು. ಆಮೇಲೆ ಸಿಟ್ಟು ಮಾಡಿಕೊಳ್ಳಲು ನನಗೆ ಯಾವ ಮುಖವಿದೆ ಎನ್ನಿಸಿತು.

ನಿಮ್ಮಪ್ಪ ಹೋಗಿ ಮೂರು ವರ್ಷವಾಯಿತು, ಆ ದಿನ ನಿನಗೆ ಸುದ್ದಿ ಮುಟ್ಟಿದ ರೀತಿಯ ಮಾತನ್ನು ನಾವಿಬ್ಬರೂ ಎತ್ತಿಲ್ಲ. ನಾನು ಫೋನು ಮಾಡಿ ಸೀರಿಯಸ್ ಎಂದೆ. ನೀನು ಇದ್ದ ಬಟ್ಟೆಯಲ್ಲೇ ಹೊರಟೆ, ಏಳು ತಾಸಿನ ಬಸ್ ದಾರಿ. ನಿನ್ನ ದೊಡ್ಡಪ್ಪ, "ಒಬ್ಳೇ ಬರೋ ಹುಡುಗಿ, ದಾರೀಲಿ ಏನಾದ್ರೂ ಆದ್ರೆ? ಮನೆಗೆ ಬರ್ಲಿ, ಆಮೇಲೆ ಹೇಳೋಣ. ಎಲ್ರೂ ಹೀಗೇ ಮಾಡೋದು" ಎಂದರು. ನಿಜ, ಎಲ್ಲರೂ ಹೀಗೇ ಮಾಡುವುದು. ನನಗೆ ನನ್ನ ಅಪ್ಪನ ಸುದ್ದಿ ಮುಟ್ಟಿದ್ದೂ ಹೀಗೆಯೇ. ನಾನು ಇನ್ನೊಂದು ಫೋನು ಮಾಡಲಿಲ್ಲ. ನೀನು ಮಾಡಿದಾಗ ದೊಡ್ಡಪ್ಪ ಎತ್ತಿದರು. ನೀನು ಅಪ್ಪನ ಕಿವಿಯ ಮೆಷಿನ್ನಿಗೆ ಸೆಲ್ ಬೇಕಾಗುತ್ತದೆಂದು ದಾರಿಯಲ್ಲಿ ಬಸ್ಸಿಳಿದು, ಎರಡು ಅಂಗಡಿ ಹುಡುಕಿ ಕೊಂಡುಕೊಂಡೆ. ನಮ್ಮ ತಿರುವಿನಲ್ಲಿ ಸೈಕಲ್ ಅಂಗಡಿಯವನು ನಿನ್ನನ್ನು ನೋಡಿ, "ಎಷ್ಟೊತ್ತಿಗೆ ಎತ್ತುತ್ತಾರಂತೆ?" ಎಂದು ಕೇಳಿದ. ನಿನಗೆ ಗೊತ್ತಾದದ್ದು ಹಾಗೆ.

ನೀನು ಒಳಗೆ ಬಂದು ಅಳಲಿಲ್ಲ. ನನ್ನನ್ನು ನೋಡಿ, "ಬಸ್ಸಲ್ಲಿ ಪಕ್ಕದವಳ ಜೊತೆ ನಗ್ತಾ ಕೂತಿದ್ದೆ ಅಮ್ಮ. ನಗ್ತಾ ಕೂತಿದ್ದೆ" ಎಂದೆ. ಅಷ್ಟೇ. ಆಮೇಲೆ, ನಾನು ಕಿವಿಗೆ ಹಿಡಿದ ಫೋನಿನಲ್ಲಿ ನೀನು ಮಾತಾಡಿದ್ದನ್ನು ಅಪ್ಪ ಕೇಳಿಸಿಕೊಂಡು ತಲೆಯಾಡಿಸಿದರು, ಆಮೇಲೆಯೇ ಹೋದದ್ದು ಎಂದು ಎಷ್ಟು ಸಲ ಹೇಳಿದ್ದೇನೆ ನಿನಗೆ! ಮೊದಮೊದಲು ಇನ್ನೊಮ್ಮೆ ಹೇಳು ಎನ್ನುತ್ತಿದ್ದೆ. ಈಗ ಕೇಳುವುದಿಲ್ಲ.

ಗುರುವಾರಕ್ಕೆ ಅಭ್ಯಾಸ ಮಾಡಲು ಇಲ್ಲಿ ನನಗೆ ಎದುರು ಕೂರುವವರು ಯಾರೂ ಇಲ್ಲ. ಕುರ್ಚಿಯನ್ನು ಎಳೆದು ಅದಕ್ಕೆ ನಿನ್ನ ಹಳೆಯ ಸ್ವೆಟರ್ ಹಾಕಿದೆ. ಎದ್ದು ಹೋಗಿ ಬಾಗಿಲ ಆಚೆ ನಿಂತು ತಟ್ಟಿದೆ. ನನ್ನದೇ ಕೋಣೆಯ ಬಾಗಿಲನ್ನು ನಾನೇ ತಟ್ಟಿ, ತೆಗೆಯುವವರಿಲ್ಲದೆ ನಾನೇ ತಳ್ಳಿಕೊಂಡು ಒಳಗೆ ಬಂದೆ. ಟೈಲರಮ್ಮ ಕೆಳಗಿನಿಂದ, "ಯಾರಾದ್ರೂ ಬಂದಿದಾರಾ?" ಎಂದು ಕೂಗಿದಳು. "ಯಾರೂ ಇಲ್ಲ" ಎಂದೆ. ಸ್ವೆಟರಿಗೆ ಆ ಮಾತು ಹೇಳಲು ಮೂರು ಸಲ ನೋಡಿದೆ. ಸ್ವೆಟರಿಗೂ ಸೀರಿಯಸ್ ಎಂದೇ ಹೇಳಿದೆ ಕಣೇ. ಆಮೇಲೆ ಅದನ್ನು ಮಡಿಚಿ, ಈ ಹಾಳೆ ತೆಗೆದುಕೊಂಡು ಕೂತೆ.

ಒಂಟಿಯಾಗಿದ್ದೇನೆ ಎಂದು ನಾನು ನಿನಗೆ ಒಂದು ದಿನವೂ ಹೇಳಿಲ್ಲ. ಈಗ ಹೇಳುತ್ತಿದ್ದೇನೆ. ಭಾನುವಾರ ಎಂಟು ಗಂಟೆಗೆ ನಿನ್ನ ಫೋನು ಬರುತ್ತದೆಂದು ಆರಕ್ಕೇ ಎದ್ದು ತಲೆ ಬಾಚಿಕೊಂಡು ಕೂರುತ್ತೇನೆ. ಮೂರು ನಿಮಿಷದಲ್ಲಿ ಮುಗಿಯುತ್ತದೆ. ಉಳಿದ ಭಾನುವಾರ ತುಂಬಾ ಉದ್ದ. ನೀನು ಬಾ ಎಂದು ಹೇಳುತ್ತಿಲ್ಲ, ಕೆಲಸವಿದೆ ನಿನಗೆ. ಅಮ್ಮ ಚೆನ್ನಾಗಿದ್ದೇನೆ ಎಂದರೆ ಚೆನ್ನಾಗಿದ್ದಾಳೆ, ಇಲ್ಲ ಎಂದರೆ ಇಲ್ಲ ಎಂದು ನೀನು ನಂಬುವಂತಾದರೆ ನನಗೆ ಅಷ್ಟು ಸಾಕು. ಆ ಕುರ್ಚಿ ಸಿಗದಿದ್ದರೂ ನಡೆಯುತ್ತದೆ, ಇನ್ನೊಂದಿಷ್ಟು ವರ್ಷ ನಿಂತೇನು.

ಹೊತ್ತಿಗೆ ಸರಿಯಾಗಿ ಊಟ ಮಾಡು. ಲ್ಯಾಬಿನಲ್ಲಿ ಆ ಆಸಿಡ್ ಬಾಟಲಿಗಳ ಹತ್ತಿರ ಕೈಗವಸು ಹಾಕಿಕೋ. ನಿನಗೆ ಒಳ್ಳೆಯ ನಿದ್ದೆ ಬರಲಿ, ನೀನು ಎಲ್ಲಿ ಬಾಗಿಲು ತಟ್ಟಿದರೂ ತೆಗೆಯುವವರು ಇರಲಿ. ನಿನ್ನ ನೆತ್ತಿಯ ಮೇಲೆ ಎರಡೂ ಕೈ ಇಟ್ಟು ಹರಸುತ್ತೇನೆ.

ಇಂತಿ ನಿನ್ನ
ಅಮ್ಮ

ತಾ.ಕ.: ಕಾಗದವನ್ನು ಕವರಿಗೆ ಹಾಕಿ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ. ಮೇಲೆ ಬರೆದದ್ದರಲ್ಲಿ ಒಂದು ತಪ್ಪಿದೆ, ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಿದ್ದೇನೆ. ಅಪ್ಪ ಕೇಳಿಸಿಕೊಂಡು ತಲೆಯಾಡಿಸಿದರು ಎಂಬ ಮಾತಿನ ಮೇಲೆ.

ನೀನು ನಿಂತು ಓದುತ್ತಿದ್ದರೆ ಕುಳಿತುಕೋ. ಪಕ್ಕದಲ್ಲಿ ಗೆಳತಿ ಇದ್ದರೆ ಇರಲು ಹೇಳು.

ನಿನ್ನ ಅಪ್ಪ ಆ ದಿನ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ತೀರಿಕೊಂಡರು. ನಾನು ನಿನಗೆ ಫೋನು ಮಾಡಿದ್ದು ಹನ್ನೊಂದೂವರೆಗೆ. ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ನೀನು ಒಂದು ದಿನ ನನ್ನ ಮುಂದೆ ಹಿಡಿದು, "ಹತ್ತೂ ಹತ್ತು ಅಂತಿದೆಯಲ್ಲಮ್ಮ?" ಎಂದೆ. ಅವರ ಗಡಿಯಾರ ತಪ್ಪಿತ್ತು ಎಂದೆ ನಾನು. ಗಡಿಯಾರ ಸರಿಯಾಗಿತ್ತು. ನೀನು ಅವತ್ತಿನಿಂದ ನನ್ನನ್ನು ಏನೂ ಕೇಳಲಿಲ್ಲ. ನಿನಗೆ ಅವತ್ತೇ ಗೊತ್ತಾಯಿತು, ನಾನು ಹೇಳಲಿ ಎಂದು ಮೂರು ವರ್ಷ ಕಾದೆ, ಅಲ್ಲವೇ?

ನೀನು ಫೋನಿನಲ್ಲಿ, "ಅಪ್ಪಂಗೆ ಕೊಡು, ಒಂದೇ ನಿಮಿಷ. ಕಿವಿ ಮೆಷಿನ್ ಹಾಕು ಮೊದ್ಲು, ಇಲ್ಲಾಂದ್ರೆ ಕೇಳಿಸಲ್ಲ" ಎಂದೆ. ಇಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ. ಮೆಷಿನ್ ತೆಗೆದು ಅವರ ಕಿವಿಗೆ ಹಾಕಿದೆ. ಕಿವಿ ತಣ್ಣಗಿತ್ತು. ಫೋನು ಹಿಡಿದೆ. ನೀನು ತುಂಬಾ ಹೊತ್ತು ಮಾತಾಡಿದೆ. ನಿನ್ನ ದನಿ ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ನಾನು ಕಿವಿಗೊಡಲಿಲ್ಲ, ಅದು ಅವರಿಗೆಂದು ಹೇಳಿದ್ದಲ್ಲವೇ ಎಂದು ಮುಖ ತಿರುಗಿಸಿ ನಿಂತಿದ್ದೆ.

ಹೇಳಿದ ಮೇಲೆ ಸುಮ್ಮನಿರಬೇಕು ಎಂಬ ನಿಯಮವಿದೆ. ಅದೊಂದನ್ನು ಮುರಿಯುತ್ತೇನೆ. ನೀನು ಅವತ್ತು ಅಪ್ಪನಿಗೆ ಏನು ಹೇಳಿದೆ ಮಗಳೇ? ಯಾರೂ ಅದನ್ನು ಕೇಳಿಸಿಕೊಂಡಿಲ್ಲ. ಮುಂದಿನ ಭಾನುವಾರ ನನಗೆ ಹೇಳು.